ನೆಲ ಬಿಡದ ಆಟ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸುತ್ತಮುತ್ತಲಿನ ವಾಲಿಬಾಲ್ ಮೈದಾನಗಳಲ್ಲಿ ‘ಲಿಫ್ಟ್’ ಎಂಬುದು ಬಹಳ ಮರ್ಯಾದೆಯ ಮಾತು. ಎರಡನೆಯ ಸ್ಪರ್ಶದಲ್ಲಿ ಚೆಂಡನ್ನು ಬಲೆಯ ಪಕ್ಕಕ್ಕೆ, ಹೊಡೆಯುವವನ ಕೈಗೆ ಎಟಕುವ ಎತ್ತರಕ್ಕೆ ಹದವಾಗಿ ಎತ್ತಿಕೊಡುವವನನ್ನು ನಾವು ಲಿಫ್ಟರ್ ಎನ್ನುತ್ತೇವೆ. ಒಳ್ಳೆಯ ಲಿಫ್ಟರ್ ಇಲ್ಲದ ತಂಡದಲ್ಲಿ ಎಂಥ ಅಟ್ಯಾಕರ್ ಇದ್ದೂ ಪ್ರಯೋಜನವಿಲ್ಲವೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದ್ದರಿಂದಲೇ, ಅಂಗವಿಕಲರು ನೆಲದ ಮೇಲೆ ಕುಳಿತು ಆಡುವ ವಾಲಿಬಾಲಿನ ನಿಯಮಗಳನ್ನು ಒಂದು ನೋಟ್ ಪುಸ್ತಕದಲ್ಲಿ ಕನ್ನಡಕ್ಕೆ ಬರೆದುಕೊಳ್ಳಲು ಹೊರಟಾಗ ನಾನು ಮೊದಲು ತಡೆದು ನಿಂತದ್ದು ಇದೇ ಪದದ ಮುಂದೆ. ಆ ನಿಯಮಾವಳಿಯಲ್ಲಿ ‘ಲಿಫ್ಟಿಂಗ್’ ಎಂದರೆ ತಪ್ಪು. ಅಲ್ಲಿ ಅದು ಚೆಂಡನ್ನು ಎತ್ತುವುದಲ್ಲ, ಆಟಗಾರ ತನ್ನ ಮೈಯನ್ನೇ ನೆಲದಿಂದ ಎತ್ತುವುದು. ಸರ್ವಿಸ್ ಮಾಡುವಾಗ, ಸ್ಮ್ಯಾಶ್ ಹೊಡೆಯುವಾಗ, ಬಲೆಯ ಬಳಿ ಬ್ಲಾಕ್ ಮಾಡುವಾಗ ಪೃಷ್ಠದಿಂದ ಭುಜದವರೆಗಿನ ದೇಹದ ಯಾವುದಾದರೊಂದು ಭಾಗ ನೆಲಕ್ಕೆ ತಾಗಿಯೇ ಇರಬೇಕು. ಬಿಟ್ಟರೆ ಪಾಯಿಂಟ್ ಎದುರಾಳಿಗೆ. ಹಿಂದಿನ ವಲಯದಲ್ಲಿ ಚೆಂಡನ್ನು ಉಳಿಸಿಕೊಳ್ಳುವ ಭರದಲ್ಲಿ ಒಂದು ಕ್ಷಣ ನೆಲ ತಪ್ಪಿದರೆ ಮಾತ್ರ ಅಷ್ಟಿಷ್ಟು ರಿಯಾಯಿತಿ ಇದೆ.

ನಾನು ಮೊದಲು ‘ಪೃಷ್ಠ’ ಎಂದೇ ಬರೆದಿದ್ದೆ. ಓದಿ ಹೇಳಿದಾಗ ಅಂಗಳದಲ್ಲಿದ್ದ ಮಕ್ಕಳಿಗೆ ತಿಳಿಯಲಿಲ್ಲ. ಆಮೇಲೆ ಅದನ್ನು ಹೊಡೆದುಹಾಕಿ, ‘ಕುಂಡೆ ನೆಲ ಬಿಡಬಾರದು’ ಎಂದು ತಿದ್ದಿದೆ. ಪುಟಗಟ್ಟಲೆಯ ನಿಯಮಾವಳಿ ಆ ಮೂರು ಪದಗಳಲ್ಲಿ ಅವರಿಗೆ ದಕ್ಕಿತು. ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಆ ತಿದ್ದುಪಡಿಯ ಬಗ್ಗೆ ಇಂದಿಗೂ ಹೆಮ್ಮೆಯಿದೆ.

ನೋಟ್ ಪುಸ್ತಕ ಬರೆದದ್ದು ನನ್ನ ತಮ್ಮನಿಗಾಗಿ. ಅವನು ಅಟ್ಯಾಕರ್ ಆಗಿದ್ದ. ಅಡಿಕೆ ಕೊಯ್ಲಿನ ಒತ್ತಡ ಕಳೆದು ಗದ್ದೆಗಳು ಒಣಗಿದವೆಂದರೆ ಕುಂಬಳೆಯಿಂದ ಮುಳ್ಳೇರಿಯದವರೆಗೆ, ಗಡಿ ದಾಟಿ ವಿಟ್ಲ, ಪುತ್ತೂರಿನವರೆಗೆ ಹೊನಲು ಬೆಳಕಿನ ಪಂದ್ಯಾಟಗಳು ಶುರುವಾಗುತ್ತವೆ; ಒಂದೊಂದು ರಾತ್ರಿ ಎರಡೆರಡು ಊರುಗಳಲ್ಲಿ ಆಡಿ, ಬೆಳಗಿನ ಜಾವಕ್ಕೆ ಮೈತುಂಬ ಕೆಂಪು ಧೂಳು ಹೊತ್ತು ಮನೆಗೆ ಬರುತ್ತಿದ್ದವನು ಅವನು. 2009ರ ಮಳೆಗಾಲದಲ್ಲಿ, ಬದಿಯಡ್ಕದ ಕಡೆಯಿಂದ ಬರುವಾಗ ತಿರುವಿನಲ್ಲಿ ಬೈಕು ಜಾರಿ ಎಡಗಾಲು ಲಾರಿಯ ಚಕ್ರಕ್ಕೆ ಸಿಕ್ಕಿತು. ಮಂಗಳೂರಿನ ಆಸ್ಪತ್ರೆಯಲ್ಲಿ 17 ದಿನ ಕಾಲನ್ನು ಉಳಿಸಲು ನೋಡಿದರು. 18ನೆಯ ದಿನ ಮೊಣಕಾಲಿನ ಕೆಳಗೆ ತೆಗೆದರು. ಆಗ ಅವನಿಗೆ 24 ವರ್ಷ.

ಕೃತಕ ಕಾಲು ಜೋಡಣೆಯ ಶಿಬಿರವೊಂದರಲ್ಲಿ ಅವನಿಗೆ ಜೈಪುರ ಕಾಲು ಸಿಕ್ಕಿತು. 1968ರ ಹೊತ್ತಿಗೆ ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಪಿ.ಕೆ. ಸೇಠಿ ಎಂಬ ಮೂಳೆ ವೈದ್ಯರೂ ಸೇರಿ ರೂಪಿಸಿದ ಆ ರಬ್ಬರಿನ ಪಾದ ನಮ್ಮಂಥ ದೇಶಕ್ಕೆ ಹೇಳಿಮಾಡಿಸಿದ್ದು. ಬರಿಗಾಲಿನಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದು, ತೋಟದ ಕೆಸರಿಗೆ ಇಳಿಯಬಹುದು. ತಮ್ಮ ಇದೆಲ್ಲವನ್ನೂ ಬೇಗನೆ ಕಲಿತ. ಆದರೆ ಬಲೆಯ ಬುಡದಲ್ಲಿ ಹಾರಿ, ಮುರಕಲ್ಲಿನ ನೆಲದ ಮೇಲೆ ಇಳಿಯುವಾಗ ಇಡೀ ಮೈಯ ಭಾರ ಕತ್ತರಿಸಿ ಉಳಿದ ಕಾಲಿನ ತುದಿಯ ಮೇಲೆ ಬೀಳುವುದು ಬೇರೆಯೇ ವಿಷಯ. 2011ರಲ್ಲಿ ಊರಿನ ಮೈದಾನಕ್ಕೆ ಹಿಂತಿರುಗಿದವನು ಎರಡು ತಿಂಗಳು ಆಡಿದ. ಪ್ರತಿ ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಿಡಿದು ಕೂತು ಆ ತುದಿಯಲ್ಲಿ ಎದ್ದ ಹುಣ್ಣುಗಳನ್ನು ನೋಡುತ್ತಿದ್ದರು.

ಹುಣ್ಣಿನಿಂದಾಗಿ ಅವನು ಆಟ ಬಿಟ್ಟನೆಂದು ನಾವೆಲ್ಲ ತಿಳಿದಿದ್ದೆವು. ನಿಜವಾದ ಕಾರಣವನ್ನು ಅವನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಒಂದು ಸಂಜೆಯ ಅಭ್ಯಾಸದಲ್ಲಿ ಅವನಿಗೆ ಒಳ್ಳೆಯ ಲಿಫ್ಟ್ ಬಂತು. ಹಾರಿದ, ಹೊಡೆದ, ಚೆಂಡು ನೇರ ನೆಲಕ್ಕೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿದ ಮೇಲೆ ನೋಡುತ್ತಾನೆ, ಎದುರಿನ ಅಂಕಣದ ಇಬ್ಬರು ಬ್ಲಾಕರ್‌ಗಳು ಬಲೆಯ ಹತ್ತಿರವೇ ನಿಂತಿದ್ದಾರೆ, ಅವರ ಕೈಗಳು ಸೊಂಟದ ಬಳಿಯೇ ಇವೆ. ಅವರಿಬ್ಬರೂ ಅವನ ಬಾಲ್ಯದ ಗೆಳೆಯರು. ಅವನ ಹೊಡೆತಕ್ಕೆ ಕೈ ಎತ್ತಲು ಅವರಿಗೆ ಮನಸ್ಸು ಬರಲಿಲ್ಲ. “ಅವರು ಪಾಪದವರು ಅಕ್ಕ, ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಅದು ಆಟವಲ್ಲವಲ್ಲ” ಎಂದಿದ್ದ.

ಅಂಗವಿಕಲರಿಗಾಗಿ ನಿಂತು ಆಡುವ ವಾಲಿಬಾಲ್ ಎಂಬ ಪ್ರತ್ಯೇಕ ಆಟವೇ ಇದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಅದು ಹುಟ್ಟಿದ್ದು ಬ್ರಿಟನ್ನಿನಲ್ಲಿ, ಕೈಯನ್ನೋ ಕಾಲನ್ನೋ ಕಳೆದುಕೊಂಡವರ ನಡುವೆ. ಅಂಕಣ ಮಾಮೂಲಿನದೇ, 18 ಮೀಟರ್ ಉದ್ದ, 9 ಮೀಟರ್ ಅಗಲ. ಕೃತಕ ಕಾಲು ಧರಿಸಿ ಆಡುವವರ ಎದುರು ಅಂಥವರೇ ಇರುವುದರಿಂದ ಯಾರೂ ಯಾರಿಗೂ ಕೈ ಇಳಿಸಬೇಕಾದ ಪ್ರಮೇಯವಿಲ್ಲ. 1980ರಲ್ಲಿ ನೆದರ್ಲೆಂಡ್ಸಿನ ಆರ್ನ್‌ಹೆಮ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸಿನಲ್ಲಿ ನಿಂತು ಆಡುವುದಕ್ಕೂ ಕುಳಿತು ಆಡುವುದಕ್ಕೂ ಪದಕಗಳಿದ್ದವು. 2000ದ ಸಿಡ್ನಿ ಕೂಟದವರೆಗೆ ಎರಡೂ ಜೊತೆಜೊತೆಯಾಗಿ ಸಾಗಿದವು. ಆಮೇಲೆ ನಿಂತು ಆಡುವ ಆಟ ಪಟ್ಟಿಯಿಂದ ಹೊರಬಿತ್ತು. 2004ರ ಅಥೆನ್ಸಿನಲ್ಲಿ ಕುಳಿತು ಆಡುವ ಆಟ ಮಾತ್ರ ಉಳಿದು, ಮಹಿಳೆಯರಿಗೂ ಮೊದಲ ಬಾರಿಗೆ ಅವಕಾಶ ತೆರೆಯಿತು. ಪ್ಯಾರಾಲಿಂಪಿಕ್ಸಿನಿಂದ ಹೊರಬಿದ್ದರೂ ನಿಂತು ಆಡುವ ಆಟ ಸತ್ತುಹೋಗಲಿಲ್ಲ. ನೆಲಬಾಂಬುಗಳಿಂದ ಕಾಲು ಕಳೆದುಕೊಂಡವರು ಊರೂರಲ್ಲಿ ಇರುವ ಕಾಂಬೋಡಿಯದಲ್ಲಿ ಅದಕ್ಕೆ ಲೀಗ್ ಇತ್ತು, 2007ರಲ್ಲಿ ಅದರ ವಿಶ್ವಕಪ್ ನಡೆದದ್ದೂ ಅಲ್ಲಿನ ನಾಮ್‌ಪೆನ್‌ನಲ್ಲಿ. ಮರಳಿನ ಮೇಲೆ ಮೂವರು ಮೂವರಾಗಿ ನಿಂತು ಆಡುವ ಬೀಚ್ ಪ್ಯಾರಾವಾಲಿ ಈಗ ಅದರ ಮುಂದುವರಿಕೆಯಂತೆ ಬೆಳೆಯುತ್ತಿದೆ. ಒಂದು ಕೈ ಇಲ್ಲದ, ಆದರೆ ಕಾಲುಗಳಲ್ಲಿ ಬಿರುಸಿರುವ ಹುಡುಗನಿಗೆ ನಿಂತು ಆಡುವುದೇ ಸಹಜವಾದ ಆಟ. ಅದಕ್ಕೆ ದೊಡ್ಡ ಕೂಟದಲ್ಲಿ ಜಾಗ ತಪ್ಪಿದ್ದು ನಷ್ಟವೆಂದೇ ನಾನು ತಿಳಿದಿದ್ದೇನೆ.

ನನ್ನ ತಮ್ಮನಿಗೆ ಬೇಕಾಗಿದ್ದದ್ದೂ ನಿಂತು ಆಡುವ ಆಟವೇ. 2016ರ ರಿಯೊ ಪ್ಯಾರಾಲಿಂಪಿಕ್ಸಿನಲ್ಲಿ ಇರಾನಿನವರೂ ಬೋಸ್ನಿಯದವರೂ ಆಡಿದ ಫೈನಲಿನ ತುಣುಕುಗಳನ್ನು ಮೊಬೈಲಿನಲ್ಲಿ ತೋರಿಸಿ, ಇದನ್ನು ಆಡಬಹುದಲ್ಲ ಎಂದು ನಾನು ಕೇಳಿದಾಗ ಅವನು ಅರ್ಧ ನಿಮಿಷವೂ ನೋಡದೆ ಎದ್ದುಹೋದ. “ನೆಲದಲ್ಲಿ ತೆವಳುವುದನ್ನು ಊರವರಿಗೆ ತೋರಿಸಬೇಕಾ?” ಎಂದು ಮಾತ್ರ ಕೇಳಿದ.

ಆ ಪ್ರಶ್ನೆಯನ್ನು ನಮ್ಮ ಎಣ್ಮಕಜೆ ಪಂಚಾಯತಿನವರು ಕೇಳಿದಾಗ ಅದಕ್ಕೆ ಬೇರೆಯೇ ಭಾರವಿರುತ್ತದೆ. ನಮ್ಮ ಪಂಚಾಯತಿನ ಗುಡ್ಡೆಗಳಲ್ಲಿರುವ ಗೇರು ತೋಟಗಳಿಗೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದರು. ಕೆರೆ, ತೋಡು, ಗುಡ್ಡ ಕೊರೆದ ಸುರಂಗದ ನೀರು ಎಲ್ಲದಕ್ಕೂ ಅದು ಇಳಿಯಿತು. ಪಡ್ರೆ, ವಾಣಿನಗರ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ವೈಕಲ್ಯದೊಡನೆ ಹುಟ್ಟಿದ ಮಕ್ಕಳ ವಿಷಯವನ್ನು ವೈದ್ಯ ವೈ.ಎಸ್. ಮೋಹನ ಕುಮಾರ್ ಅವರೂ ಪತ್ರಕರ್ತ ಶ್ರೀ ಪಡ್ರೆಯವರೂ ಹೊರಜಗತ್ತಿಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಈ ಹೋರಾಟ ನಡೆದಷ್ಟು ಕಾಲವೂ ಕ್ಯಾಮೆರಾಗಳು ನಮ್ಮ ಮನೆಗಳಿಗೆ ಬಂದವು, ಬರಬೇಕಾಗಿಯೂ ಇತ್ತು. ಆ ಚಿತ್ರಗಳಿಲ್ಲದಿದ್ದರೆ ನ್ಯಾಯದ ಬಾಗಿಲು ಇಷ್ಟಾದರೂ ತೆರೆಯುತ್ತಿರಲಿಲ್ಲ. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ನೆಲದ ಮೇಲೆ, ಚಾಪೆಯ ಮೇಲೆ ಮಲಗಿದ ಅಥವಾ ತೆವಳುವ ಮಗು. ಮೇಲಿನಿಂದ ನೋಡುವ ಕಣ್ಣು. ನಮ್ಮ ಕಡೆ ಅಂಗವೈಕಲ್ಯವಿರುವ ಯಾರೇ ಆಗಲಿ, ಅವರ ವೈಕಲ್ಯಕ್ಕೂ ಆ ವಿಷಕ್ಕೂ ಸಂಬಂಧವಿರಲಿ ಇಲ್ಲದಿರಲಿ, ನೆಲದ ಮೇಲೆ ಕಾಣಿಸಿಕೊಳ್ಳಲು ಹಿಂಜರಿಯುವುದರ ಹಿಂದೆ ಆ ಚಿತ್ರಗಳೂ ಇವೆ. ತಮ್ಮನಿಗೆ ನಾನು ಆ ದಿನ ಉತ್ತರ ಕೊಡಲಿಲ್ಲ.

ಕುಳಿತು ಆಡುವ ಆಟದ ಹುಟ್ಟು ಇಷ್ಟು. ಜರ್ಮನಿಯಲ್ಲಿ ನೆಲದ ಮೇಲೆ ಕೂತು ಆಡುವ ಸಿಟ್ಸ್‌ಬಾಲ್ ಎಂಬ ಆಟವಿತ್ತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡವರಿಗಾಗಿ ನೆದರ್ಲೆಂಡ್ಸಿನಲ್ಲಿ ಕ್ರೀಡಾ ಸಂಘಗಳು ಶುರುವಾದಾಗ ಅದನ್ನು ಅಲ್ಲಿಗೆ ತಂದರು. ಆದರೆ ಅದು ತೀರ ನಿಧಾನದ ಆಟವೆನಿಸಿದ್ದರಿಂದ 1956ರಲ್ಲಿ ಅದನ್ನೂ ವಾಲಿಬಾಲನ್ನೂ ಬೆರೆಸಿ ಹೊಸ ಆಟ ಕಟ್ಟಿದರು. ನನಗೆ ಮೆಚ್ಚಿಗೆಯಾಗುವುದು ಈ ಅತೃಪ್ತಿ. ಗಾಯಾಳುಗಳಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂದು ಅವರು ಸುಮ್ಮನಾಗಲಿಲ್ಲ, ಆಟ ಸಾಲದು ಎಂದರು.

ಹಾಗೆ ಹುಟ್ಟಿದ ಆಟ ಎಷ್ಟು ಬಿರುಸಿನದೆಂದು ಅಳತೆಗಳನ್ನು ನೋಡಿದರೇ ತಿಳಿಯುತ್ತದೆ. ಅಂಕಣದ ಉದ್ದ 10 ಮೀಟರ್, ಅಗಲ 6 ಮೀಟರ್, ಅಂದರೆ ಮಾಮೂಲು ಅಂಕಣದ ಮೂರರಲ್ಲಿ ಒಂದಕ್ಕೆ ತುಸು ಹೆಚ್ಚು. ಬಲೆಯ ಮೇಲಂಚು ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್. ಅಷ್ಟೇ ಜಾಗದಲ್ಲಿ ಎರಡೂ ಕಡೆ ಆರಾರು ಮಂದಿ. ಮುಂದಿನ ಸಾಲಿನವರು ಎದುರಾಳಿಯ ಸರ್ವಿಸನ್ನೇ ಬ್ಲಾಕ್ ಮಾಡಬಹುದು. ನಿಂತು ಆಡುವ ವಾಲಿಬಾಲಿನಲ್ಲಿ ಇದಕ್ಕೆ ಅವಕಾಶವಿಲ್ಲ. ಚೆಂಡು ಗಾಳಿಯಲ್ಲಿರುವ ಹೊತ್ತು ಅತ್ಯಲ್ಪ. ಎಲ್ಲಕ್ಕಿಂತ ಕಷ್ಟವಾದದ್ದು ಕೈಗಳ ಕೆಲಸ. ನಿಂತು ಆಡುವವನನ್ನು ಚೆಂಡಿನ ಬಳಿಗೆ ಕಾಲು ಒಯ್ಯುತ್ತದೆ, ಕೈ ಚೆಂಡಿಗಾಗಿ ಬಿಡುವಾಗಿರುತ್ತದೆ. ಇಲ್ಲಿ ಮೈಯನ್ನು ಜರುಗಿಸಬೇಕಾದದ್ದೂ ಕೈಯೇ, ಚೆಂಡನ್ನು ಹೊಡೆಯಬೇಕಾದದ್ದೂ ಕೈಯೇ. ನೆಲವನ್ನು ಒತ್ತಿ ಸರಿದ ಕೈ ಚೆಂಡು ಬರುವ ಮೊದಲೇ ಮೇಲೆದ್ದಿರಬೇಕು. ಆದ್ದರಿಂದ ಚೆಂಡನ್ನು ನೋಡಿ ಹೊರಟವನು ತಡವಾಯಿತೆಂದೇ ಲೆಕ್ಕ. ಹೊಡೆಯುವವನ ಭುಜವನ್ನು ನೋಡಿಯೇ ಹೊರಡಬೇಕು. ಯಾರು ಎಲ್ಲಿದ್ದಾರೆಂಬುದನ್ನೂ ಅವರ ಆಸನದಿಂದಲೇ ನಿರ್ಣಯಿಸುತ್ತಾರೆ. ಸರ್ವಿಸ್ ಮಾಡುವವನ ಕುಂಡೆ ಗೆರೆಯ ಹಿಂದಿದ್ದರೆ ಸಾಕು, ಕಾಲು ಅಂಕಣದೊಳಗೆ ಚಾಚಿದ್ದರೂ ತಪ್ಪಲ್ಲ.

ತಾಳಮದ್ದಳೆಯ ನೆನಪಿಲ್ಲದೆ ಇದನ್ನು ನೋಡುವುದು ಈ ಸೀಮೆಯಲ್ಲಿ ಹುಟ್ಟಿದ ನನಗೆ ಸಾಧ್ಯವಾಗಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು ಇದು. ಇಲ್ಲಿ ಆಟವೂ ಇದೆ, ಕೂಟವೂ ಇದೆ. ಬಯಲಾಟದಲ್ಲಿ ಕಿರೀಟ, ಗೆಜ್ಜೆ, ಧಿಗಿಣ ಎಲ್ಲವೂ ಉಂಟು. ತಾಳಮದ್ದಳೆಯಲ್ಲಿ ಅದೇ ಪ್ರಸಂಗ, ಅದೇ ಭಾಗವತರು, ಅದೇ ಚೆಂಡೆ ಮದ್ದಳೆ. ಆದರೆ ಪಾತ್ರದ ಮಾತಾಡುವ ಅರ್ಥಧಾರಿ ಬಿಳಿ ಪಂಚೆ ಉಟ್ಟು ಕುಳಿತಿರುತ್ತಾನೆ. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಅವನು ಕರ್ಣನಾಗಬೇಕು, ಎದುರು ಕುಳಿತ ಶಲ್ಯನ ಒಂದು ಮಾತಿಗೆ ತಕ್ಷಣ ಮಾತು ಹುಟ್ಟಿಸಬೇಕು. ಇದನ್ನು ಅರ್ಧ ಯಕ್ಷಗಾನವೆಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ಕುಣಿತ ಬಾರದವರ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡೆಂದೂ ಹೇಳುವುದಿಲ್ಲ. ಅದು ಬೇರೆಯೇ ಒಂದು ಕಠಿಣ ವಿದ್ಯೆ ಎಂದು ಎಲ್ಲರಿಗೂ ಗೊತ್ತು.

ಇದನ್ನು ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಒಂದು ಮಾತು ಹೇಳಿದ. ಅರ್ಥ ಹೇಳುವವರು ಕೂತದ್ದು ತಾವಾಗಿ, ಕೂಟ ಮುಗಿದ ಮೇಲೆ ಎದ್ದು ನಡೆದುಹೋಗುತ್ತಾರೆ ಎಂದ. ಅದು ಸರಿಯಾದ ಮಾತು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ, ಅದನ್ನು ಮುಂದಕ್ಕೆ ಎಳೆಯುವ ಹಕ್ಕು ನನಗಿಲ್ಲ.

ಅವನನ್ನು ಅಂಗಳಕ್ಕೆ ಇಳಿಸಿದ್ದು ಪೆರ್ಲ ಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬರು. ನಾವು ಅವರನ್ನು ಟೈಲರಣ್ಣ ಎಂದೇ ಕರೆಯುವುದು. ಎರಡು ವರ್ಷದವರಾಗಿದ್ದಾಗ ಪೋಲಿಯೊ ಬಂದು ಎರಡೂ ಕಾಲುಗಳು ಸೋತವು. ಪೇಟೆಯಲ್ಲಿ ಅವರನ್ನು ಊರುಗೋಲಿನಲ್ಲಿ ಮಾತ್ರ ನೋಡಿದವರು ನಾವು. ಹರಿದ ಬಲೆಯ ಅಂಚಿಗೆ ಪಟ್ಟಿ ಹೊಲಿಸಿಕೊಳ್ಳಲು ಹೋದಾಗ ಇದೇನಕ್ಕೆ ಎಂದು ಕೇಳಿದರು. ವಿಷಯ ತಿಳಿದ ಮೇಲೆ ಮುಂದಿನ ಭಾನುವಾರ ರಿಕ್ಷಾದಲ್ಲಿ ನಮ್ಮ ಮನೆಗೆ ಬಂದರು, ಜಗಲಿಯ ಮೆಟ್ಟಿಲಿಗೆ ಊರುಗೋಲುಗಳನ್ನು ಒರಗಿಸಿದರು, ಅಂಗಳದಲ್ಲಿ ಕೂತರು. ಆಮೇಲೆ ಎರಡು ಅಂಗೈಗಳ ಮೇಲೆ ಅಂಗಳದ ಈ ಕೊನೆಯಿಂದ ಆ ಕೊನೆಗೆ ಅವರು ಸರಿದ ವೇಗವನ್ನು ನೋಡಿ ನಾವು ಮಾತಿಲ್ಲದೆ ನಿಂತೆವು. “ಮನೆಯ ಒಳಗೆ ಐವತ್ತು ವರ್ಷದಿಂದ ನಾನು ಹೀಗೆಯೇ ಅಲ್ಲವಾ ಟೀಚರೇ ಓಡಾಡುವುದು, ಹೊರಗಿನವರು ಬಂದರೆ ಮಾತ್ರ ಕುರ್ಚಿಯಲ್ಲಿ ಕೂರುತ್ತೇನೆ” ಎಂದರು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡಿದ್ದ ಚಲನೆ ಈ ಆಟದ ಮೊದಲ ಪಾಠವಾಗಿತ್ತು. ತಮ್ಮ ತನ್ನ ಕೃತಕ ಕಾಲನ್ನು ಬಿಚ್ಚಿ, ಎಲ್ಲರೂ ಚಪ್ಪಲಿ ಬಿಡುವ ಆ ಮೆಟ್ಟಿಲಿನಲ್ಲೇ ಇಟ್ಟು, ಅವರ ಪಕ್ಕದಲ್ಲಿ ಹೋಗಿ ಕೂತ. ಎದುರಿನಿಂದ ಅಲ್ಲ, ಹಿಂದಿನಿಂದ ನೋಡುತ್ತಿದ್ದ ನನಗೆ ಇಬ್ಬರ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಯಾವುದು ಯಾರ ಕಾಲಿನ ಕಥೆಯೆಂದು ಬೆನ್ನುಗಳಿಂದ ತಿಳಿಯುವಂತಿರಲಿಲ್ಲ.

ಮೊದಲ ತಿಂಗಳು ಅವನಿಗೆ ಟೈಲರಣ್ಣನ ಒಂದು ಚೆಂಡನ್ನೂ ಮುಟ್ಟಲಾಗಲಿಲ್ಲ. ಅವನ ಭುಜದಲ್ಲಿ ಹಳೆಯ ಅಟ್ಯಾಕರಿನ ಬಲವಿತ್ತು, ಆದರೆ ಮೈ ಸರಿಯುತ್ತಿರಲಿಲ್ಲ. ನಿಂತು ಆಡಿದವರಿಗೆ ಇದರಲ್ಲಿ ಒಂದು ವಿಚಿತ್ರ ತೊಡಕಿದೆ. ಚೆಂಡು ಮೇಲೆ ಬಂದ ತಕ್ಷಣ ಇಲ್ಲದ ಕಾಲು ನೆಲವನ್ನು ಒದೆಯಲು ಹೊರಡುತ್ತದೆ, ತೊಡೆಯ ಸ್ನಾಯುಗಳೆಲ್ಲ ಬಿಗಿಯುತ್ತವೆ, ಮೈ ಏಳುತ್ತದೆ. ಅದೇ ಲಿಫ್ಟಿಂಗ್. ಹಾರುವುದಕ್ಕಾಗಿ ಹನ್ನೆರಡು ವರ್ಷ ಪಳಗಿದ ಮೈಗೆ ಹಾರದಿರುವುದನ್ನು ಕಲಿಸಬೇಕಾಗಿತ್ತು.

ಇಲ್ಲಿ ಇನ್ನೊಂದು ತೊಂದರೆ ಎದುರಾಯಿತು, ಅದು ಈ ಬರಹವನ್ನು ಬರೆಯಲು ನನ್ನನ್ನು ಹಚ್ಚಿದ ವಿಷಯವೂ ಹೌದು. ಒಂದು ಪಂಚಾಯತಿನಲ್ಲಿ ಈ ಆಟಕ್ಕೆ ಬೇಕಾದ 12 ಮಂದಿ ಎಲ್ಲಿ ಸಿಗುತ್ತಾರೆ? ತಮ್ಮ, ಟೈಲರಣ್ಣ, ಹುಟ್ಟಿನಿಂದ ಬಲಪಾದ ಒಳಕ್ಕೆ ತಿರುಗಿರುವ ನನ್ನ ಹಳೆಯ ವಿದ್ಯಾರ್ಥಿನಿ, ಅಡಿಕೆ ಮರದಿಂದ ಬಿದ್ದು ಪಾದದ ಗಂಟು ಮಡಚಲಾಗದ ಒಬ್ಬರು ಕೊಯ್ಲಿನವರು. ನಾಲ್ಕು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಆಟಗಾರರನ್ನು ವಿಎಸ್1, ವಿಎಸ್2 ಎಂದು ಎರಡು ವರ್ಗಗಳಲ್ಲಿ ಇಡುತ್ತಾರೆ. ಆಟದ ಮೇಲೆ ವೈಕಲ್ಯದ ಪರಿಣಾಮ ಹೆಚ್ಚಿರುವವರು ಮೊದಲ ವರ್ಗಕ್ಕೆ, ಕಡಿಮೆಯಿರುವವರು ಎರಡನೆಯದಕ್ಕೆ ಸೇರುತ್ತಾರೆ. 12 ಮಂದಿಯ ತಂಡದಲ್ಲಿ ವಿಎಸ್2 ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ, ಅಂಕಣದಲ್ಲಿ ಒಂದು ಸಲಕ್ಕೆ ಒಬ್ಬರೇ. ಯಾರಿಗಾಗಿ ಆಟ ಹುಟ್ಟಿತೋ ಅವರ ಜಾಗವನ್ನು ಬೇರೆಯವರು ನುಂಗದಿರಲು ಈ ನಿಯಮ ಬೇಕೇ ಬೇಕು. ಆದರೆ ಇದೇ ಅಳತೆಗೋಲನ್ನು ಊರಿನ ಅಂಗಳಕ್ಕೂ ತಂದರೆ ಎಂದೆಂದಿಗೂ ತಂಡವಾಗುವುದಿಲ್ಲ. ದೊಡ್ಡ ಶಹರಗಳಲ್ಲಿ ತಂಡವಾದೀತು, ಪೆರ್ಲದಿಂದ ಅಲ್ಲಿಗೆ ವಾರವಾರ ಹೋಗಿಬರಲು ಯಾರಿಗಾಗುತ್ತದೆ?

ಯುರೋಪಿನ ಹಲವು ದೇಶಗಳಲ್ಲಿ ಇದಕ್ಕೆ ಕಂಡುಕೊಂಡ ಉತ್ತರ ಬಹಳ ಸರಳವಾದದ್ದು. ಸ್ಥಳೀಯ ಪಂದ್ಯಗಳಲ್ಲಿ ಅಂಗವೈಕಲ್ಯವಿಲ್ಲದವರೂ ಜೊತೆಗೆ ಕೂತು ಆಡುತ್ತಾರೆ. ಕೂತ ಮೇಲೆ ಅವರ ಕಾಲುಗಳಿಂದ ಅವರಿಗೆ ವಿಶೇಷ ಲಾಭವಿಲ್ಲ, ಎಷ್ಟೋ ಸಲ ತೊಡಕೇ. ಗಾಲಿಕುರ್ಚಿಯ ಆಟಗಳಿಗೆ ಹೊಂದುವ ಕುರ್ಚಿಗೆ ಲಕ್ಷಗಟ್ಟಲೆ ಖರ್ಚಿದೆ. ಇದಕ್ಕೆ ಒಂದು ಬಲೆ, ಒಂದು ಚೆಂಡು, ಸಮತಟ್ಟಾದ ನೆಲ ಮತ್ತು ಕೂರಲು ಒಪ್ಪುವ ಜನ, ಇಷ್ಟೇ ಸಾಕು. ನಮ್ಮಲ್ಲಿ ಕೂರಲು ಒಪ್ಪಿದವರು ತಮ್ಮನ ಹೆಂಡತಿ, ಅವನ ಮಗಳು, ಕೊಯ್ಲಿನವರ ಇಬ್ಬರು ಗಂಡುಮಕ್ಕಳು, ನೆರೆಮನೆಯ ಬ್ಯಾರಿ ಕುಟುಂಬದ ಅಣ್ಣತಮ್ಮಂದಿರು. ಅಂದು ಕೈ ಎತ್ತದೆ ನಿಂತಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬರೂ ಈಗ ಬರುತ್ತಾರೆ. ಕುಳಿತ ಮೇಲೆ ಅವರಿಗೆ ತಮ್ಮನ ಹೊಡೆತ ತಡೆಯುವುದೇ ಕಷ್ಟವಾಗಿದೆ, ಇನ್ನು ಕೈ ಇಳಿಸುವ ಮಾತೆಲ್ಲಿ.

ನಮ್ಮ ಅಂಗಳ ಅಡಿಕೆಯದು. ಡಿಸೆಂಬರಿನಿಂದ ಅಲ್ಲಿ ಅಡಿಕೆ ಹರವಿದ್ದರೆ ಏಪ್ರಿಲಿನವರೆಗೆ ಕಾಲಿಡಲು ಜಾಗವಿಲ್ಲ, ಜೂನಿಗೆ ಮಳೆ. ಎರಡರ ನಡುವೆ ಸಿಗುವುದು ಆರೇಳು ವಾರ. ಕಳೆದ ವರ್ಷದಿಂದ, ಪಾರದರ್ಶಕ ಶೀಟು ಹೊದಿಸಿದ ನೆರೆಯವರ ಅಂಗಳವನ್ನು ಮಳೆಗಾಲಕ್ಕೆ ಬಿಟ್ಟುಕೊಟ್ಟಿದ್ದಾರೆ. ಅಡಿಕೆಯಿಲ್ಲದ ಆ ತಿಂಗಳುಗಳಲ್ಲಿ ಅದು ಹೇಗೂ ಖಾಲಿ. 10 ಮೀಟರ್ ಉದ್ದ, 6 ಮೀಟರ್ ಅಗಲ ಅಲ್ಲಿ ನಿರಾಯಾಸವಾಗಿ ಸಿಗುತ್ತದೆ, ಸುತ್ತ ಬಿಡಬೇಕಾದ ಜಾಗ ಮಾತ್ರ ಸಾಲದು. ಅಡಿಕೆ ಮರದ ಎರಡು ಕಂಬ ನೆಟ್ಟು ಬಲೆ ಕಟ್ಟಿದೆವು. ಮಾಮೂಲು ಬಲೆಯ ಅಗಲ 1 ಮೀಟರ್, ಅದನ್ನು 1.15 ಮೀಟರಿಗೆ ಕಟ್ಟಿದರೆ ಕೆಳಗೆ ಉಳಿಯುವುದು 15 ಸೆಂಟಿಮೀಟರ್, ಎದುರಿನವರ ಕಾಲು ಬಲೆಗೆ ಸಿಕ್ಕಿಕೊಳ್ಳುತ್ತದೆ. ಈ ಆಟದ ಬಲೆ 80 ಸೆಂಟಿಮೀಟರಿನದಾದ್ದರಿಂದ ಟೈಲರಣ್ಣ ನಮ್ಮ ಬಲೆಯ ಕೆಳಭಾಗವನ್ನು ಮಡಚಿ ಹೊಲಿದುಕೊಟ್ಟರು. ಸಿಮೆಂಟು ನೆಲ ಚರ್ಮವನ್ನು ಸುಲಿಯುತ್ತದೆ, ಉದ್ದ ಪ್ಯಾಂಟಿನೊಳಗೆ ಇನ್ನೊಂದು ಪ್ಯಾಂಟು ಹಾಕಿಕೊಳ್ಳುವುದು ರೂಢಿಯಾಗಿದೆ. ಮಳೆಯ ದಿನಗಳಲ್ಲಿ ಶೀಟಿನ ಮೇಲೆ ಬೀಳುವ ನೀರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಕಣ್ಸನ್ನೆಯಲ್ಲೇ ಆಡುತ್ತಾರೆ.

ಹತ್ತಿರದ ಶಾಲೆಯೊಂದರಲ್ಲಿ ಟೈಲ್ಸ್ ಹಾಸಿದ ದೊಡ್ಡ ಸಭಾಂಗಣವಿದೆ. ಭಾನುವಾರ ಎರಡು ಗಂಟೆ ಕೊಡಿರೆಂದು ಕೇಳಿದೆ. ಮೇಲಿನಿಂದ ಅನುಮತಿ ಬೇಕೆಂದರು. ಅರ್ಜಿಯನ್ನು ಕನ್ನಡದಲ್ಲಿ ಬರೆದೆ, ಮಲಯಾಳದಲ್ಲಿ ಬೇಕೆಂದರು, ಅದನ್ನೂ ಕೊಟ್ಟೆ. 14 ತಿಂಗಳಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೆಯ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಅಂಗವಿಕಲರು ಆಟಗಳಲ್ಲಿ ಪರಿಣಾಮಕಾರಿಯಾಗಿ ಪಾಲ್ಗೊಳ್ಳುವಂತೆ ಸರಕಾರ ನೋಡಿಕೊಳ್ಳಬೇಕೆಂದು ಅದು ಹೇಳುತ್ತದೆ. ಬೀಗದ ಕೈಯನ್ನು ಇಟ್ಟುಕೊಂಡವರಿಗೆ ಈ ಸೆಕ್ಷನನ್ನು ಓದಿ ಹೇಳಲು ನಾನು ಇನ್ನೊಮ್ಮೆ ಹೋಗುತ್ತೇನೆ. ಹೊಸ ಕಟ್ಟಡವನ್ನು ಯಾರೂ ಕೇಳುತ್ತಿಲ್ಲ, ಇರುವ ನೆಲವೊಂದನ್ನು ವಾರಕ್ಕೆ ಎರಡು ಗಂಟೆ ಕೇಳುತ್ತಿದ್ದೇವೆ.

ಪ್ಯಾರಾಲಿಂಪಿಕ್ಸಿನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಒಂದು ವಿಷಯ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುತ್ತದೆ. 2000ದಿಂದ 2016ರವರೆಗೆ ಗಂಡಸರ ಐದು ಫೈನಲುಗಳೂ ನಡೆದದ್ದು ಇರಾನ್ ಮತ್ತು ಬೋಸ್ನಿಯದ ನಡುವೆ. ಇರಾನ್ 1988ರಿಂದ 2024ರವರೆಗೆ ಎಂಟು ಸಲ ಚಿನ್ನ ಗೆದ್ದಿದೆ. ಬೋಸ್ನಿಯ 2004ರಲ್ಲೂ 2012ರಲ್ಲೂ ಅದನ್ನು ಸೋಲಿಸಿ ಚಿನ್ನ ಪಡೆಯಿತು. ಒಂದರ ಹಿಂದೆ ಇರಾಕಿನೊಡನೆ ಎಂಟು ವರ್ಷ ನಡೆದ ಯುದ್ಧ, ಇನ್ನೊಂದರ ಹಿಂದೆ 1992ರಿಂದ 1995ರವರೆಗಿನ ಯುದ್ಧ ಮತ್ತು ಅದು ನೆಲದಲ್ಲಿ ಬಿಟ್ಟುಹೋದ ಬಾಂಬುಗಳು. ತಮ್ಮ ನೆಲದ ಮೇಲೆ ಆದದ್ದನ್ನು ಮೈಮೇಲೆ ಹೊತ್ತವರು ಆ ನೆಲಕ್ಕೇ ಕೂತು ಆಟ ಕಟ್ಟಿದರು. ನಮ್ಮ ಗುಡ್ಡೆಗಳ ಮೇಲೆ ಸುರಿದದ್ದು ಬಾಂಬಲ್ಲ. ಅದು ಬಿಟ್ಟುಹೋದ ವೈಕಲ್ಯಗಳಲ್ಲಿ ಹಲವು ಎಷ್ಟು ಗಾಢವೆಂದರೆ ಯಾವ ಆಟವೂ ಅವರನ್ನು ಮುಟ್ಟಲಾರದು, ಅವರಿಗೆ ಬೇಕಾದದ್ದು ಔಷಧ, ಆರೈಕೆ, ತಪ್ಪದೆ ಬರುವ ಪಿಂಚಣಿ. ಇದನ್ನು ಮರೆತು ಆಟದ ಬಗ್ಗೆ ದೊಡ್ಡ ಮಾತಾಡುವುದು ನನ್ನಿಂದಾಗದು. ಆದರೆ ಅದೇ ಮನೆಗಳಲ್ಲಿ ಕಾಲಿನ ಸಣ್ಣ ಊನವಿರುವ, ಕೈ ಗಟ್ಟಿಯಿರುವ, ಶಾಲೆಯ ಆಟದ ಪೀರಿಯಡ್‌ನಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಮರದ ಕೆಳಗೆ ಕೂರುವ ಮಕ್ಕಳಿದ್ದಾರೆ. ಅವರನ್ನು ಅಲ್ಲಿ ಕೂರಿಸಿದ ಶಿಕ್ಷಕರಲ್ಲಿ ನಾನೂ ಒಬ್ಬಳು. ನನ್ನ ಹಳೆಯ ವಿದ್ಯಾರ್ಥಿನಿ ಈಗ ನಮ್ಮ ತಂಡದ ಲಿಫ್ಟರ್. ಅವಳ ಬೆರಳುಗಳಲ್ಲಿ ಆ ಹದ ಅಂದೂ ಇದ್ದಿರಬೇಕು.

ಇರಾನಿನ ಮೊರ್ತೆಜಾ ಮೆಹ್ರ್‌ಜಾದ್ ಅವರ ಹೆಸರು ನಮ್ಮ ಅಂಗಳದ ಮಕ್ಕಳಿಗೆಲ್ಲ ಬಾಯಿಪಾಠ. ಎತ್ತರ 2.46 ಮೀಟರ್. ಹದಿಹರೆಯದಲ್ಲಿ ಸೈಕಲಿನಿಂದ ಬಿದ್ದು ಸೊಂಟದ ಮೂಳೆ ಮುರಿದು ಬಲಗಾಲಿನ ಬೆಳವಣಿಗೆ ನಿಂತುಹೋಯಿತು. ಎತ್ತರದ ಕಾರಣದಿಂದ ಜನರ ಕಣ್ಣು ತಪ್ಪಿಸಿ ಮನೆಯೊಳಗೇ ಇರುತ್ತಿದ್ದವರು ಅವರು. 2016, 2020, 2024ರ ಮೂರು ಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಟೈಲರಣ್ಣನಿಗೆ ಅವರ ಆಟದ ವಿಡಿಯೋ ತೋರಿಸಿದಾಗ, ಹೊಡೆತಕ್ಕಿಂತ ಹೆಚ್ಚು ಹೊತ್ತು ಅವರು ನೋಡಿದ್ದು ಹೊಡೆತಗಳ ನಡುವೆ ಆ ದೊಡ್ಡ ಮೈ ನೆಲದ ಮೇಲೆ ಹೇಗೆ ಸರಿಯುತ್ತದೆ ಎಂಬುದನ್ನು.

ಕಳೆದ ಭಾನುವಾರದ ಪಂದ್ಯದಲ್ಲಿ ನಾನು ಬಲೆಯ ಕಂಬದ ಬಳಿ ಮಣೆ ಹಾಕಿ ಕೂತು ನೆಲವನ್ನು ನೋಡುವ ಕೆಲಸದಲ್ಲಿದ್ದೆ. ಈ ಆಟದಲ್ಲಿ ಅಂಪೈರಿಗೆ ಚೆಂಡಿನಷ್ಟೇ ಮುಖ್ಯವಾದದ್ದು ಕುಂಡೆ ಮತ್ತು ನೆಲದ ನಡುವೆ ಕಾಣುವ ಬೆಳಕು. ಐದನೆಯ ಸೆಟ್, 13–13. ನನ್ನ ಹಳೆಯ ವಿದ್ಯಾರ್ಥಿನಿ ಎತ್ತಿಕೊಟ್ಟ ಚೆಂಡನ್ನು ತಮ್ಮ ಇಬ್ಬರ ಕೈಗಳ ನಡುವಿನಿಂದ ಹೊಡೆದ. ಅಂಗಳವೆಲ್ಲ ಕೂಗಿತು. ನಾನು ಸೀಟಿ ಊದಿದೆ.

“ಎದ್ದದ್ದು” ಎಂದೆ.

“ಯಾರು ಎದ್ದದ್ದು? ನಾನಾ? ನೆಲದಲ್ಲೇ ಇದ್ದೆ ಅಕ್ಕ, ಸರಿಯಾಗಿ ನೋಡು.”

“ನೋಡಿಯೇ ಹೇಳಿದ್ದು. ನಾಲ್ಕು ಬೆರಳು ಎದ್ದಿದ್ದಿ.”

ಆಸ್ಪತ್ರೆಯಿಂದ ಬಂದ ದಿನದಿಂದ ನಮ್ಮ ಮನೆಯಲ್ಲಿ ಅವನಿಗೆ ಯಾರೂ ಎದುರಾಡಿದವರಲ್ಲ. ಅವನು ಸುಮ್ಮನಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಅವನು ದನಿಯೆತ್ತಿ ಜಗಳವಾಡಿದ. ನೆಲಕ್ಕೆ ಕೈ ಬಡಿದ, ಬಲೆಯ ಆಚೆಯವರನ್ನು ಸಾಕ್ಷಿಗೆ ಕರೆದ, ನೋಟ್ ಪುಸ್ತಕ ತರಿಸಿ ನಿಯಮ ಓದಿಸಿದ. ಅವನ ಮಗಳು ನನ್ನ ಹತ್ತಿರ ಸರಿದು ಬಂದು, “ಅತ್ತೆ, ಅಪ್ಪ ನಿಜಕ್ಕೂ ಎದ್ದದ್ದಾ?” ಎಂದು ಮೆಲ್ಲನೆ ಕೇಳಿದಳು. ಹೌದೆಂದೆ. ಅವಳು ಹಿಂದೆ ಹೋಗಿ ತನ್ನ ಜಾಗದಲ್ಲಿ ಕೂತಳು. ನಾನು ಪುಸ್ತಕದಲ್ಲಿ 14–13 ಎಂದು ಎದುರು ತಂಡದ ಹೆಸರಿಗೆ ಬರೆದು, ಸರ್ವಿಸಿಗೆ ಸೀಟಿ ಊದಿದೆ.